ತಟ್ಟಲೊಲ್ಲದ ಅತ್ತೆ

ಹೇಗೆ ಶುರುಮಾಡಲಿ? ಕಾಲು ತೊಳೆಯುವುದರಿಂದಲೋ, ಉಗುರು ಕತ್ತರಿಸುವುದರಿಂದಲೋ? ರೂಸೆ ಪಟ್ಟಣದ ನಮ್ಮ ಜುಜುತ್ಸು ಜಿಮ್ಮಿನಲ್ಲಿ ಹೊಸಬರಿಗೆ ಕೋಚ್ ಕಾಮೆನ್ ಮೊದಲು ಹೇಳುವುದು ಇವೆರಡನ್ನೇ. ಮಿಕ್ಕ ಶಿಷ್ಟಾಚಾರ ಆಮೇಲೆ. ಚಪ್ಪಲಿ ಮ್ಯಾಟಿನ ಹೊರಗೆ, ಜಂಬ ಬಾಗಿಲಿನ ಹೊರಗೆ. ಯಾರೇ ಕುಸ್ತಿಗೆ ಕರೆದರೂ ಒಲ್ಲೆ ಅನ್ನಬಾರದು. ಹೊಸಬರು ಬೇರೆಯವರಿಗೆ ಪಾಠ ಹೇಳಬಾರದು. ಎದುರಾಳಿಯ ಪಟ್ಟಿನಲ್ಲಿ ಸಿಕ್ಕಿಕೊಂಡರೆ, ಸೋತೆ ಎನ್ನಲು ಮ್ಯಾಟನ್ನೋ ಅವರ ಮೈಯನ್ನೋ ಕೈಯಿಂದ ತಟ್ಟಬೇಕು. ತಟ್ಟಿದ ಕೂಡಲೇ ಹಿಡಿದವರು ಬಿಡಬೇಕು.

(ಓದುಗರೇ, ಆಕಳಿಸಬೇಡಿ. ನಾನು ಆಕಳಿಸಿದ್ದಕ್ಕೆ ಕಾಮೆನ್ ಬಸ್ಕಿ ಹೊಡೆಸಿದ.)

ಬೇಡ, ಈ ಆರಂಭ ನೋಟೀಸ್ ಬೋರ್ಡಿನ ಹಾಗಿದೆ. ಇನ್ನೊಮ್ಮೆ.

೧

ರಾಲಿತ್ಸಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಲಾರಿ ಓಡಿಸುತ್ತ ಜರ್ಮನಿಯ ಕಡೆಗೇ ಇರುವುದು ಹೆಚ್ಚು. ಮನೆಯಲ್ಲಿ ಅವಳು ಮತ್ತು ಅತ್ತೆ ಪೆನ್ಕಾ. ಈ ಪೆನ್ಕಾ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು, ಇಡೀ ಊರಿಗೆ ‘ತಪ್ಪು ಬರೆದಿದ್ದೀರಿ, ಮತ್ತೆ ಬರೆಯಿರಿ’ ಎಂದು ಹೇಳಿಯೇ ನಿವೃತ್ತರಾದವರು. ಸೊಸೆ ತೊಳೆದ ಪಾತ್ರೆಯನ್ನು ಅವರು ಇನ್ನೊಮ್ಮೆ ತೊಳೆಯುತ್ತಾರೆ. ನಾವೆಲ್ಲ ಜಿಮ್ಮಿಗೆ ಕತ್ತು ಹಿಸುಕಿಸಿಕೊಳ್ಳಲು ಹೋದರೆ, ರಾಲಿತ್ಸಾ ಉಸಿರಾಡಲು ಬರುತ್ತಿದ್ದಳು.

ಒಂದು ಸಂಜೆ ಬಾಗಿಲು ತೆರೆಯಿತು. ಇಸ್ತ್ರಿಯ ಗೆರೆ ಎದ್ದು ಕಾಣುವ ಹೊಸ ಬಿಳಿ ಉಡುಪಿನಲ್ಲಿ ಪೆನ್ಕಾ ನಿಂತಿದ್ದರು. ರಾಲಿತ್ಸಾಳ ಮುಖ ಅವರ ಉಡುಪಿಗಿಂತ ಬೆಳ್ಳಗಾಯಿತು.

೨

ಯಾಕೆ ಬಂದರು? ಸೊಸೆಯ ಮೇಲೆ ಕಣ್ಣಿಡಲು ಎಂದು ಮೊದಲ ಡ್ರಾಫ್ಟಿನಲ್ಲಿ ಬರೆದಿದ್ದೆ. ಪೆನ್ಕಾ ಅದನ್ನು ಓದಿ ಹರಿದು ಹಾಕಿದರು.

“ಏನೋ ಲೇಖಕ, ನಾನೇನು ಪತ್ತೇದಾರಿಣಿನಾ?”

“ಕಥೆಗೆ ಒಂದು ಕಾರಣ ಬೇಕಲ್ಲಮ್ಮ.”

“ಮೊದ್ಲು ನಿನ್ನ ಬೆಲ್ಟ್ ಗಟ್ಟಿಯಾಗಿ ಕಟ್ಕೋ. ಜಾರ್ತಿದೆ.”

(ಜಾರುತ್ತಿತ್ತು.)

ಎಲ್ಲ ನಿಯಮವನ್ನೂ ಅವರು ಪಾಲಿಸಿದರು, ಒಂದನ್ನು ಬಿಟ್ಟು. ನಮ್ಮೆಲ್ಲರ ಕಾಲುಗುರು ಪರೀಕ್ಷಿಸಿದರು. ಕಪ್ಪು ಬೆಲ್ಟಿನ ಕಾಮೆನ್‌ಗೇ, “ಮಗಾ, ನೆಟ್ಟಗೆ ನಿಂತ್ಕೋ, ಗೂನು ಬರುತ್ತೆ” ಅಂದರು. ಕಾಮೆನ್ ನೆಟ್ಟಗಾದ. ನಾವೂ ಆದೆವು.

ರಾಲಿತ್ಸಾ ಕಾಮೆನ್‌ನನ್ನು ಮೂಲೆಗೆ ಎಳೆದಳು. “ಹೊಸಬರು ಪಾಠ ಹೇಳ್ಬಾರ್ದು ಅಂತ ಹೇಳು ಅವ್ರಿಗೆ.”

“ಹೇಳ್ದೆ ಕಣೇ.”

“ಏನಂದ್ರು?”

“ಹೇಳೋ ರೀತಿ ಸರಿಯಿಲ್ಲ, ಇನ್ನೊಂದ್ಸಲ ಹೇಳು ಅಂದ್ರು.”

ಆ ವಾರವೇ ಜಿಮ್ ಬಿಡುತ್ತೇನೆಂದು ರಾಲಿತ್ಸಾ ನನ್ನ ಬಳಿ ಹೇಳಿದಳು. ತಮಾಷೆಗಲ್ಲ. ಅವಳು ಬಟ್ಟೆ ಬದಲಿಸುವ ಕೋಣೆಯ ಬೀಗದ ಕೈಯನ್ನು ಆಗಲೇ ಕಾಮೆನ್‌ಗೆ ವಾಪಸು ಕೊಟ್ಟಾಗಿತ್ತು.

೩

ಅವಳ ಕೊನೆಯ ಕ್ಲಾಸು. ಪೆನ್ಕಾ ನೇರ ಅವಳೆದುರು ಬಂದು ಬಗ್ಗಿ ನಮಸ್ಕರಿಸಿದರು. “ಬಾ.” ಒಲ್ಲೆ ಅನ್ನುವಂತಿಲ್ಲವಲ್ಲ.

ಕ್ಷಣದಲ್ಲಿ ರಾಲಿತ್ಸಾ ಅತ್ತೆಯನ್ನು ಮಲಗಿಸಿ ಪಕ್ಕದಿಂದ ಎದೆಯೊತ್ತಿ ಹಿಡಿದಳು. ಕೆಳಗಿನಿಂದ ದನಿ ಬಂತು: “ಮೊಣಕೈ ಸಡಿಲ ಆಯ್ತು. ಸ್ಟ್ಯಾಂಪ್ ಒತ್ತೋ ಹಾಗೆ ಒತ್ಬೇಕು.” ರಾಲಿತ್ಸಾ ಒತ್ತಿದಳು. ಪೆನ್ಕಾ ಅವರ ಮುಖ ಕೆಂಪಾಯಿತು.

“ತಟ್ಟಿ, ಅತ್ತೆ.”

“ತಟ್ಟಲ್ಲ.”

“ಹಠ ಬೇಡ. ತಟ್ಟಿದ್ರೆ ಬಿಡ್ತೀನಿ, ಅಷ್ಟೇ.”

“ತಟ್ಟಿದ್ರೆ ಯಾರೂ ಬರಲ್ಲ. ನಂಗೊತ್ತು.”

(ಇಲ್ಲಿ ಒಂದು ಜೋಕ್ ಇಟ್ಟಿದ್ದೆ. ತೆಗೆದಿದ್ದೇನೆ.)

ಪೆನ್ಕಾ ಸೂರು ನೋಡುತ್ತ ಮೆಲ್ಲಗೆ ಹೇಳಿದರು. ಪಕ್ಕದಲ್ಲೇ ಕೂತಿದ್ದ ನನಗೂ ಕೇಳಿಸಿತು. “ಚಳಿಗಾಲದಲ್ಲಿ ಬಚ್ಚಲಲ್ಲಿ ಬಿದ್ದೆ. ನೀನು ಇಲ್ಲಿದ್ದೆ. ಏಳೋಕಾಗ್ಲಿಲ್ಲ. ನೆಲ ತಟ್ಟಿದೆ, ಗೋಡೆ ತಟ್ಟಿದೆ. ಪಕ್ಕದ ಮನೆಯವನು ಟಿವಿ ಸೌಂಡ್ ಜಾಸ್ತಿ ಮಾಡ್ದ. ಇಲ್ಲಿ ಬೀಳೋದು ಹೇಗೆ ಅಂತ ಕಲಿಸ್ತಾರೆ ಅಂತ ನೀನು ಫೋನಲ್ಲಿ ಯಾರಿಗೋ ಹೇಳ್ತಿದ್ದೆ. ಅದಕ್ಕೇ ಬಂದೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಇಲ್ಲಿಗೆ ಬರೋದು ಬಿಟ್ಬಿಡ್ತಿದ್ದೆ.” ಸ್ವಲ್ಪ ಉಸಿರೆಳೆದುಕೊಂಡರು. “ಆಮೇಲೆ ಮೂರು ಹೊತ್ತೂ ನನ್ನ ಅಡುಗೆಮನೆ ಕೆಡಿಸ್ತಿದ್ದೆ.”

೪

ಈಗ ಮುಕ್ತಾಯ. ನನ್ನಲ್ಲಿ ಕೆಲವು ಸಿದ್ಧವಾಗಿವೆ.

ಕ) ಸೊಸೆ ಅಳುತ್ತ ಅತ್ತೆಯನ್ನು ತಬ್ಬಿಕೊಂಡಳು.

“ಏಯ್,” ಅಂದಳು ರಾಲಿತ್ಸಾ, “ತಬ್ಕೊಂಡ್ವಿ ಅಂತ ಬರೆದ್ರೆ ನಾಳೆ ನಿನ್ನ ಕತ್ತು ನಂದು.”

ಖ) ತಟ್ಟುವುದು ಸೋಲಲ್ಲ ಎಂದು ಕಾಮೆನ್ ಗಂಭೀರವಾಗಿ ನುಡಿದ.

“ನಂಗೆ ಆ ಡೈಲಾಗ್ ಬೇಡ ಮಾರಾಯ,” ಅಂದ ಕಾಮೆನ್. “ಅವ್ರು ಮತ್ತೆ ತಿದ್ತಾರೆ.”

ಹಾಗಾದರೆ ಆದದ್ದನ್ನೇ ಬರೆಯುತ್ತೇನೆ. ರಾಲಿತ್ಸಾ ಬಿಡಲಿಲ್ಲ. ಉಸಿರಾಡಲು ಆಗುವಷ್ಟು ಭಾರ ಸರಿಸಿ, ಹಿಡಿದೇ ಇದ್ದಳು. “ತಟ್ಟಿ. ಇಲ್ಲೇ ಇದ್ದೀನಿ.”

ಪೆನ್ಕಾ ಅವರ ಕೈ ಮೇಲೆದ್ದಿತು, ಗಾಳಿಯಲ್ಲಿ ನಿಂತಿತು, ಆಮೇಲೆ ಸೊಸೆಯ ಬೆನ್ನ ಮೇಲೆ, ಧೂಳು ಕೊಡವುವ ಹಾಗೆ, ಮೆತ್ತಗೆ ತಟ್ಟಿತು. ರಾಲಿತ್ಸಾ ತಟ್ಟನೆ ಬಿಟ್ಟಳು.

ಪೆನ್ಕಾ ಏಳಲಿಲ್ಲ. “ಇನ್ನೊಂದ್ಸಲ ಹಿಡಿ.”

“ಯಾಕೆ?”

“ಒಂದ್ಸಲ ಯಾರು ಬೇಕಾದ್ರೂ ಬಿಡ್ತಾರೆ.”

ಹಿಡಿದಳು. ತಟ್ಟಿದರು. ಬಿಟ್ಟಳು. ಮತ್ತೆ ಹಿಡಿದಳು. ನಾಳೆ ರಾಲಿತ್ಸಾ ಬರುತ್ತಾಳೋ ಇಲ್ಲವೋ ಎಂದು ನೀವು ಕೇಳುತ್ತೀರಿ. ನಾನೂ ಕೇಳಲು ಬಾಯಿ ತೆರೆದೆ.

“ಸುಮ್ನಿರೋ,” ಎಂದರು ಪೆನ್ಕಾ ಕೆಳಗಿನಿಂದ, “ನಮ್ದಿನ್ನೂ ಆಗಿಲ್ಲ.”