ಪಂಪಿಗಿಂತ ಮೊದಲು ಹೋದ ಬ್ಯಾಂಡು

ಹೊರದೇಶಗಳಿಗೆ ನೆರವು ಕೊಡುವ ಸರ್ಕಾರಿ ಸಂಸ್ಥೆಯನ್ನು ಮುಚ್ಚಿಸಿಯೇ ಬರುತ್ತೇನೆಂದು ಊರಿನವರಿಗೆ ಮಾತು ಕೊಟ್ಟು ಲುದ್ವಿಕ್ ರಾಜಧಾನಿ ಲ್ಯುಬ್ಲಿಯಾನಾದ ಬಸ್ಸು ಹತ್ತಿದ್ದ. ಅವನು ಸಂಸತ್ ಸದಸ್ಯ. ಅದಕ್ಕಿಂತ ಹೆಚ್ಚು ಹೆಮ್ಮೆಯಿಂದ, ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ನಾಯಕ. ಪ್ರವಾಹಕ್ಕೆ ಕೊಚ್ಚಿಹೋದ ಅವರ ಸೇತುವೆಯನ್ನು ಸರ್ಕಾರ ಇನ್ನೂ ಕಟ್ಟಿಸಿರಲಿಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ ಕಣಯ್ಯ ಇವರು," ಎಂದಿದ್ದ ದಳದ ಮುದುಕ ವಿಂಕೊ.

ಸಂಸ್ಥೆಯ ಅಳಿವು ಉಳಿವು ತೀರ್ಮಾನಿಸಬೇಕಿದ್ದ ಸಂಸತ್ತಿನ ಸಮಿತಿಯಲ್ಲಿ ಮುಚ್ಚಬೇಕೆನ್ನುವವರೂ ಬೇಡವೆನ್ನುವವರೂ ಸರಿಸಮ. ಉಳಿದದ್ದು ಲುದ್ವಿಕ್‌ನ ಒಂದೇ ಕೈ. ಸಮಿತಿಗೆ ಉತ್ತರ ಕೊಡಲು ಬಂದಿದ್ದ ಸಂಸ್ಥೆಯ ಮುಖ್ಯಸ್ಥೆ ತಿಲ್ಕಾ ಬ್ರೆಜೋವಾರ್ ಅವರಿಗೂ ಅದು ಗೊತ್ತಿತ್ತು.

"ನೀವು ಮಾಡಿದ ಅತಿ ದಡ್ಡ ಕೆಲಸ ಯಾವುದು, ಮೇಡಂ?" ಲುದ್ವಿಕ್ ಕೆಣಕಿದ.

ಬೇರೆ ಯಾರಾದರೂ ನುಣುಚಿಕೊಳ್ಳುತ್ತಿದ್ದರು. ತಿಲ್ಕಾ ಯೋಚಿಸಲೂ ಇಲ್ಲ.

"ಮಾಲ್ಡೋವಾದ ಒಂದು ಹಳ್ಳಿಯೋರು ಬೆಂಕಿ ಆರಿಸೋಕೆ ಪಂಪು ಕೇಳಿದ್ರು. ನಾವು ಮೊದಲು ಸಮವಸ್ತ್ರ ಹೊಲಿಸಿದ್ವಿ, ಬಾವುಟ ಕೊಟ್ವಿ, ಬ್ಯಾಂಡ್ ಸೆಟ್ಟೂ ಕಳಿಸಿದ್ವಿ. ನಮ್ಮ ಊರುಗಳಲ್ಲಿ ಅಗ್ನಿಶಾಮಕ ದಳ ಅಂದ್ರೆ ಮೊದಲು ಅದೇ ಅಲ್ವಾ? ಪಂಪು ಹೋಗೋದ್ರೊಳಗೆ ಒಬ್ಬರ ಕೊಟ್ಟಿಗೆ ಸುಟ್ಟುಹೋಯ್ತು."

ಸಭೆ ಗೊಳ್ಳೆಂದಿತು. "ಕಹಳೆ ಊದಿ ಆರಿಸೋಕೆ ನೋಡಿದ್ರೇನೋ," ಎಂದರು ಯಾರೋ. ಲುದ್ವಿಕ್‌ಗೆ ನಗು ಬರಲಿಲ್ಲ. ಅಲ್ಲಿಗೆ ಅವನನ್ನು ಕಳಿಸಿದ್ದರೆ ಅವನೂ ಮೊದಲು ಬಾವುಟವನ್ನೇ ಒಯ್ಯುತ್ತಿದ್ದ.

"ಆಮೇಲೆ?" ಎಂದ.

"ಆಮೇಲೆ ಅವರೇ ಬ್ಯಾಂಡ್ ಮಾರಿ ಏಣಿ ತಗೊಂಡ್ರು. ಮುಂದಿನ ಸಲ ಮೊದಲು ಏನು ಬೇಕು ಅಂತ ಕೇಳಿ ಕೊಡಿ ಅಂತ ನಮಗೇ ಬುದ್ಧಿ ಹೇಳಿದ್ರು. ಈಗ ಕೇಳಿಯೇ ಕೊಡ್ತೀವಿ. ಸುತ್ತಲ ಹಳ್ಳಿಗಳಲ್ಲಿ ಎಲ್ಲಿ ಬೆಂಕಿ ಬಿದ್ರೂ ಅವರ ದಳವೇ ಓಡುತ್ತೆ. ಕೊಟ್ಟಿಗೆ ಸುಟ್ಟ ಪಾಪ ಮಾತ್ರ ನಮ್ಮದೇ."

ಕುತ್ತಿಗೆಯ ಮೇಲೆ ಕತ್ತಿ ತೂಗುತ್ತಿರುವಾಗ ಹೀಗೆ ಮಾತಾಡುವ ಎದೆ ಎಷ್ಟು ಜನಕ್ಕಿದ್ದೀತು? ಲುದ್ವಿಕ್‌ಗೆ ಆ ಹೆಂಗಸಿನ ಮೇಲೆ ಗೌರವ ಉಕ್ಕಿತು. ಇಂಥವರನ್ನು ನಂಬಿ ತನ್ನ ದಳವನ್ನೇ ಕೈಗೆ ಕೊಡಬಹುದು ಎನ್ನಿಸಿತು. ಮತಕ್ಕೆ ಹಾಕಿದಾಗ, ಸಂಸ್ಥೆ ಉಳಿಯಲಿ ಎಂದು ಕೈ ಎತ್ತಿದ.

ಶನಿವಾರ ದಳದ ಮನೆಯಲ್ಲಿ ಎಲ್ಲರೆದುರು ನಿಂತು, ಮಾತು ಮುರಿದದ್ದನ್ನೂ ಅದರ ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ವಿಂಕೊ ಎದ್ದ.

"ಮುಂದಿನ ಸಲ ನಿನಗೆ ನನ್ನ ವೋಟಿಲ್ಲ, ಲುದ್ವಿಕ್."

"ಗೊತ್ತು."

"ಸೇತುವೆ ಆಗೋವರೆಗೂ ನಿನ್ನ ಬಿಡೋನೂ ಅಲ್ಲ ನಾನು."

"ಬಿಡಬೇಡ."

ವಿಂಕೊ ವೈನು ಗುಟುಕರಿಸಿ ಲೋಟ ಕೆಳಗಿಟ್ಟ.

"ಬ್ಯಾಂಡ್ ಮಾರಿದ ಆ ಊರಿನೋರಿಗೆ ನೀರಿನ ಪೈಪು ಸಾಕಷ್ಟಿದೆಯಂತಾ? ನಮ್ಮ ಹತ್ರ ಒಂದು ಸುರುಳಿ ಬಿಚ್ಚದೇ ಇದೆ."