ಗೊರಗೊರ ಸದ್ದಿನೊಳಗಿನ ಮಾತು

ನಾನು ಒಂದು ವಿಡಿಯೊ ಕ್ಯಾಸೆಟ್ಟು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಹೊಟ್ಟೆ ತುಂಬಿದ್ದು ಗುಳೇದಗುಡ್ಡದ ನೇಕಾರ ಮಹಾರುದ್ರಪ್ಪನ ಮದುವೆಯಲ್ಲಿ. ವಿಡಿಯೊದವನು ಜಾಣತನ ತೋರಿಸಲು ಇಡೀ ಮದುವೆಗೆ ಸಿನಿಮಾ ಹಾಡು ತುಂಬಿದ. ಒಡಪು ಹೇಳುವ ಹೊತ್ತನ್ನು ಮಾತ್ರ, ಪುಣ್ಯಾತ್ಮ, ಹೇಗಿತ್ತೋ ಹಾಗೇ ಬಿಟ್ಟ.

ಗಂಡನ ಹೆಸರನ್ನು ಹೆಂಡತಿ ಬರಿದೇ ಹೇಳುವಂತಿಲ್ಲ, ಒಡಪಿನಲ್ಲಿ ಕಟ್ಟಿಯೇ ಹೇಳಬೇಕು. ಮದುಮಗಳು ಸಾವಂತ್ರೆವ್ವ ನಾಚಿ ನೀರಾಗಿ, "ಬೆಳ್ಳಿ ಬಟ್ಟಲದಾಗ ಹಾಲು ಸಕ್ಕರಿ, ಮಹಾರುದ್ರಪ್ಪ ನಕ್ಕರ ಮನಿಯೆಲ್ಲಾ ಅಕ್ಕರಿ" ಅಂದಳು. ಹೆಂಗಸರು ಹೋ ಎಂದರು. ಆ ಗದ್ದಲದಲ್ಲೇ ಅವನು ಅವಳ ಕಿವಿಯ ಹತ್ತಿರ, "ಇನ್ನೊಮ್ಮೆ ಹೇಳ" ಅಂದ. ಅದೂ ನನ್ನಲ್ಲಿ ಉಳಿಯಿತು.

ಮಹಾರುದ್ರಪ್ಪ ಬೇಗ ಹೋಗಿಬಿಟ್ಟ. ಅವನ ದನಿ ಅಂತ ಉಳಿದದ್ದು ಅಷ್ಟೇ. ಸಾವಂತ್ರೆವ್ವ ಹಳೆಯ ವಿಸಿಆರ್‌ಗೆ ನನ್ನನ್ನು ಹಾಕಿ ಅದೊಂದನ್ನೇ ತಿರುಗಿ ತಿರುಗಿ ಕೇಳುತ್ತಿದ್ದಳು. ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು, ಮದುಮಗನ ಮುಖ ಹಸಿರಾಗಿತ್ತು, ಅವನ ಆ ಪಿಸುಮಾತು ಗೊರಗೊರ ಸದ್ದಿನೊಳಗೆ ಹುದುಗಿತ್ತು. ನೋಡಿದವರು ಮೂಗು ಮುರಿದರೆ, "ನನಗ ಇಷ್ಟ ಕಂಡರ ಸಾಕವ್ವಾ" ಅನ್ನುತ್ತಿದ್ದಳು. ಇದ್ದುದರಲ್ಲೇ ಸುಖವಾಗಿರುವವರನ್ನು ಕಂಡರೆ ಜನಕ್ಕೆ ಅದೇನು ಸಂಕಟವೋ!

ಮಗ ಗುರುಸಿದ್ದನಿಗಂತೂ ನನ್ನಿಂದ ಮಾನ ಹೋಗುತ್ತಿತ್ತು. ಗೋಡೆಯಗಲದ ಟಿವಿ ತಂದ. ನನ್ನನ್ನೂ ವಿಸಿಆರನ್ನೂ ಬಾಗಲಕೋಟೆಯ ಒಂದು ಅಂಗಡಿಗೆ ಒಯ್ದು, ನನ್ನೊಳಗಿನದನ್ನು ಪೆನ್‌ಡ್ರೈವಿಗೆ ಇಳಿಸಿ, ತೊಳೆಸಿ ಬಳಿಸಿ ತಂದ. ಓಣಿಯವರನ್ನೆಲ್ಲ ಕರೆದು ಕೂರಿಸಿದ. ಗೆರೆಯಿಲ್ಲ, ಹಸಿರಿಲ್ಲ, ಸೀರೆಯ ಅಂಚಿನ ಎಳೆ ಎಳೆಯೂ ಕಾಣುತ್ತಿತ್ತು. ಒಡಪು ಬಂತು. ಸಾವಂತ್ರೆವ್ವ ಮುಂದಕ್ಕೆ ಬಾಗಿದಳು. ಮದುಮಗನ ತುಟಿ ಅಲುಗಿತು, ದನಿ ಬರಲಿಲ್ಲ.

"ನಿಮ್ಮಪ್ಪನ ಮಾತ ಎಲ್ಲಿ ಹೋತೋ?"

"ಯಾವ ಮಾತ? ಹಿಂದ ಬರೇ ಗೊರಗೊರ ಅಂತಿತ್ತಲ್ಲ ಯವ್ವಾ, ಅದನ್ನೆಲ್ಲಾ ತಗಿಸೀನಿ."

"ಹಳೇದ ಹಾಕ."

"ಹೆಂಗ ಹಾಕ್ಲಿ? ಇನ್ನ ಅದ್ಯಾಕ ಬೇಕಂತ ಬರೂವಾಗ ವಿಸಿಆರ್ ಗುಜರಿಯವಗ ಕೊಟ್ಟ ಬಂದ್ನಿ."

ಸಾವಂತ್ರೆವ್ವ ಎದ್ದು ಒಳಗೆ ಹೋದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ ಗುರುಸಿದ್ದ ಮರುದಿನ ಓಡಿದ. ಗುಜರಿಯವನು ವಿಸಿಆರನ್ನು ಒಡೆದು ತಾಮ್ರ ಬಿಡಿಸಿಯಾಗಿತ್ತು. ಅಂಗಡಿಯವನೂ ತೊಳೆಯದ ಪ್ರತಿಯನ್ನು ಅಳಿಸಿದ್ದ. ಮಗ ಬೇರೆ ವಿಸಿಆರ್ ಹುಡುಕಿಕೊಂಡು ಒಂದೆರಡು ಊರು ತಿರುಗಿ, ಸಿಗದೆ ಕೈಬಿಟ್ಟ. ಅವನಿಗೆ ಟಿವಿ ಇತ್ತಲ್ಲ.

ಈಗ ನಾನು ಸಾವಂತ್ರೆವ್ವನ ಟ್ರಂಕಿನಲ್ಲಿದ್ದೇನೆ. ಆಗಾಗ ತೆಗೆದು ಸೆರಗಿನಿಂದ ಒರೆಸುತ್ತಾಳೆ. "ಮಾತ ಇದರಾಗ ಐತಿ ತಗೋ, ಎಲ್ಲಿಗೂ ಹೋಗಿಲ್ಲ" ಎಂದು ಸೊಸೆಗೆ ಹೇಳುತ್ತಾಳೆ. ನನ್ನ ಟೇಪಿಗೆ ಬೂಷ್ಟು ಹತ್ತಿದೆ. ಅವಳು ಕೇಳಿ ಕೇಳಿ ಸವೆಸಿದ ಜಾಗದಿಂದಲೇ ಅದು ತಿನ್ನತೊಡಗಿದೆ. ಹೇಳಲು ನನಗೆ ಬಾಯಿಲ್ಲ. ಇದ್ದರೂ ಹೇಳುತ್ತಿರಲಿಲ್ಲ.