ಆರು ಅಂಕಿಯ ಬೀಗ

ಮೂರನೆಯ ಸಲವೂ ಬಂದದ್ದು ಉತ್ತರವಲ್ಲ, ಪ್ರಶ್ನೆ: ‘ಕಚ್ಚಿಸಿಕೊಂಡವರ ನೌಕರಿ ಸಂಖ್ಯೆ ಎಷ್ಟು?’

ಲೆತೋಯಿಯೆ ಅಂಗೈಯಗಲದ ಆ ಕಿತ್ತಳೆ ಬಣ್ಣದ ಯಂತ್ರವನ್ನು ಹಿಡಿದು ಬಂಡೆಯ ನೆತ್ತಿಯ ಮೇಲೆ ನಿಂತಿದ್ದ. ಲೊಸುಕ್ ಕಣಿವೆಯಲ್ಲಿ ಫೋನು ಕೆಲಸ ಮಾಡುವುದಿಲ್ಲ. ವನ್ಯಧಾಮದ ಠಾಣೆಯಿಂದ ಒಂದು ಮಾತು ಹೊರಗೆ ಹೋಗಬೇಕೆಂದರೆ ಈ ಬಂಡೆ ಹತ್ತಬೇಕು, ಅಕ್ಷರ ಒತ್ತಬೇಕು. ಅದು ಮೇಲೆಲ್ಲೋ ಇರುವ ಉಪಗ್ರಹವನ್ನು ಮುಟ್ಟಿ, ನೈರೋಬಿಯ ಕಚೇರಿಗೆ ಇಳಿದು, ಅಲ್ಲಿಂದ ಮರುಮಾತು ಬರುವ ತನಕ ಕಾಯಬೇಕು. ಕಾಯುತ್ತ ಕಾಯುತ್ತ ಐವತ್ತು ನಿಮಿಷವಾಗಿತ್ತು.

ಕೆಳಗೆ ಠಾಣೆಯ ಜಗುಲಿಯ ಮೇಲೆ ನಾನ್ಯೋರಿ ಮಲಗಿದ್ದಳು. ಬೆಳಿಗ್ಗೆ ಸೌದೆ ಆರಿಸುವಾಗ ಕೊಂಬೆಯ ಅಡಿಯಲ್ಲಿದ್ದ ಗಿಡ್ಡ ಮಂಡಲದ ಹಾವು ಬಲಗೈಗೆ ಕಚ್ಚಿತ್ತು. ಕೈ ಮೊಣಕೈವರೆಗೂ ಊದಿ, ತೊಟ್ಟಿದ್ದ ಮಣಿಬಳೆಗಳನ್ನು ಕತ್ತರಿಸಿ ತೆಗೆಯಬೇಕಾಗಿ ಬಂದಿತ್ತು. ಗಂಡ ದನ ಹೊಡೆದುಕೊಂಡು ಮೇವಿಗೆಂದು ಗುಡ್ಡದಾಚೆ ಹೋಗಿ ತಿಂಗಳಾಗಿತ್ತು. ಅವಳನ್ನು ಹೊರಿಸಿಕೊಂಡು ಬಂದವಳು ಅತ್ತೆ, ನಶಾಕಿ ಅಜ್ಜಿ.

“ಏನಂತೋ ನಿನ್ನ ಡಬ್ಬಿ?” ಅಜ್ಜಿ ಕೆಳಗಿನಿಂದಲೇ ಕೂಗಿದಳು.

“ನೌಕರಿ ನಂಬರ್ ಕೇಳ್ತಾರೆ ಅಜ್ಜಿ.”

“ಅಯ್ಯೋ ನಿನ್ನ! ಹಾವು ನಂಬರ್ ಕೇಳ್ಕೊಂಡು ಕಚ್ತೇನೋ? ಔಷಧಿ ಅಲ್ಲೇ ಗೋಡೇಲಿದೆ. ನೀನು ಮುಗಿಲಿಗೆ ಕೈ ಮುಗೀತಾ ನಿಂತಿದ್ದೀಯ!”

ಔಷಧಿ ಗೋಡೆಯಲ್ಲಿದ್ದದ್ದು ನಿಜ. ಸೌರವಿದ್ಯುತ್ತಿನಲ್ಲಿ ತಣ್ಣಗಿರುವ ಉಕ್ಕಿನ ಕಪಾಟಿನಲ್ಲಿ ಹತ್ತು ಸೀಸೆ. ಅದರ ಬೀಗಕ್ಕೆ ಕೀಲಿಕೈ ಇಲ್ಲ. ಕಚೇರಿಯವರು ಆರು ಅಂಕಿ ಕಳಿಸಬೇಕು, ಅದನ್ನು ಹತ್ತು ನಿಮಿಷದೊಳಗೆ ಒತ್ತಬೇಕು. ಒಡೆಯೋಣವೆಂದರೆ ಗೋಡೆಯಲ್ಲಿ ಹೂತು ಕೂರಿಸಿದ ಕಪಾಟು, ಒಳಗಿರುವುದು ಗಾಜು.

ಆ ಬೀಗ ಬರಲು ಕಾರಣ ತಾನೇ ಎಂಬುದನ್ನು ಲೆತೋಯಿಯೆ ಯಾರಿಗೂ ಹೇಳಿರಲಿಲ್ಲ, ಆದರೆ ಕಣಿವೆಗೆಲ್ಲ ಗೊತ್ತಿತ್ತು. ಎರಡು ವರ್ಷದ ಹಿಂದೆ ಠಾಣೆಯ ದಾದಿ ನೈಸುಲಾ, ಮೇಕೆ ಕಾಯುವ ಹುಡುಗಿಯೊಬ್ಬಳಿಗೆ ನಾಲ್ಕು ಸೀಸೆ ಔಷಧಿ ಕೊಟ್ಟು ಬದುಕಿಸಿದ್ದಳು. ಲೆತೋಯಿಯೆ ಸಾಮಾನು ಎಣಿಸಿ, ನಾಲ್ಕು ಕಡಿಮೆ ಎಂದು ವರದಿ ಬರೆದ. ಅವನು ಬರೆದದ್ದು ಸುಳ್ಳೇನಲ್ಲ. ನೈಸುಲಾಳ ಕೆಲಸ ಹೋಯಿತು, ಅವನು ಠಾಣೆಯ ಮುಖ್ಯಸ್ಥನಾದ. ಬೀಗ ಕೂಡಿಸಲು ನಗರದಿಂದ ಬಂದವನು “ಇನ್ಮೇಲೆ ನಿಮಗೆ ತಲೆನೋವೇ ಇಲ್ಲ ಬಿಡಿ” ಎಂದಾಗ ಅವನಿಗೆ ಹಿತವಾಗಿಯೇ ಇತ್ತು.

ಅವನು ನಿಧಾನವಾಗಿ ಒತ್ತಿದ: ‘ನೌಕರಳಲ್ಲ. ಪಕ್ಕದ ಹಟ್ಟಿಯ ಹೆಂಗಸು. ಸಾಯುತ್ತಾಳೆ.’

ಹದಿನೈದು ನಿಮಿಷದ ಮೇಲೆ ಉತ್ತರ ಬಂತು: ‘ದಾಸ್ತಾನು ಅತಿಥಿಗಳಿಗೆ ಮತ್ತು ನೌಕರರಿಗೆ. ಹತ್ತಿರದ ಆಸ್ಪತ್ರೆಗೆ ಕಳಿಸಿ. ಸಹಾನುಭೂತಿಯಿದೆ.’

ಆಸ್ಪತ್ರೆ ಒಂಬತ್ತು ಗಂಟೆಯ ದಾರಿ. ಠಾಣೆಯ ಒಂದೇ ಜೀಪು ಅತಿಥಿ ಶ್ರೀಮತಿ ಹೆನ್ಷಾಳನ್ನು ಕೂರಿಸಿಕೊಂಡು ನಿನ್ನೆಯೇ ಸರೋವರ ನೋಡಲು ಹೋಗಿತ್ತು. ಮುದುಕಿ ಹಟ ಹಿಡಿದು ಹೊರಟದ್ದರಿಂದ ಆ ಪ್ರಯಾಣವನ್ನು ಅವನು ಕಚೇರಿಗೆ ತಿಳಿಸಿರಲಿಲ್ಲ. ಅವರ ಲೆಕ್ಕದಲ್ಲಿ ಅವಳು ಭಾನುವಾರದವರೆಗೂ ಇಲ್ಲೇ ಇದ್ದಳು.

ಜಗುಲಿಯಲ್ಲಿ ನಾನ್ಯೋರಿ ವಾಂತಿ ಮಾಡಿದ ಸದ್ದು ಕೇಳಿಸಿತು. ಲೆತೋಯಿಯೆಯ ಹೆಬ್ಬೆರಳು ತಾನಾಗಿಯೇ ಒತ್ತಿತು: ‘ಅತಿಥಿ ಶ್ರೀಮತಿ ಹೆನ್ಷಾರಿಗೂ ಹಾವು ಕಚ್ಚಿದೆ.’

ನಾಲ್ಕು ನಿಮಿಷ. ಕೈಗಡಿಯಾರ ನೋಡಿಕೊಂಡೇ ನಿಂತಿದ್ದ. ನಾಲ್ಕೇ ನಿಮಿಷದಲ್ಲಿ ಆರು ಅಂಕಿಗಳು ಬಂದವು. ಬೆನ್ನಿಗೇ ಇನ್ನೊಂದು ಸಂದೇಶ: ‘ಧೈರ್ಯವಾಗಿರಲು ಅವರಿಗೆ ಹೇಳಿ. ಹೆಲಿಕಾಪ್ಟರ್ ಹೊರಟಿದೆ.’

ಅವನು ಬಂಡೆಯಿಂದ ಇಳಿಯಲಿಲ್ಲ, ಜಾರಿದ. ಮಂಡಿ ತರಚಿತು. ಕಪಾಟು ಸಣ್ಣಗೆ ‘ಟಿಕ್’ ಎಂದು ತೆರೆದುಕೊಂಡಿತು. ಹತ್ತು ದಿನದ ತರಬೇತಿಯಲ್ಲಿ ಕಲಿತದ್ದನ್ನೆಲ್ಲ ನೆನಪಿಗೆ ತಂದುಕೊಂಡು ರಕ್ತನಾಳ ಹುಡುಕಿದ. ಮೊದಲ ಸಲ ತಪ್ಪಿತು, ಎರಡನೆಯ ಸಲ ಸಿಕ್ಕಿತು. ಒಂದರ ಹಿಂದೊಂದು ಎಂಟು ಸೀಸೆ ಅವಳೊಳಕ್ಕೆ ಇಳಿದವು.

“ಈಗ ಹ್ಯಾಗೆ ಬಾಗಿಲು ತೆಗೀತು?” ಅಜ್ಜಿ ಕೇಳಿದಳು.

“ಬಿಳಿ ಹೆಂಗಸಿಗೆ ಕಚ್ಚಿದೆ ಅಂದೆ.”

ಅಜ್ಜಿ ಸೊಸೆಯ ಹಣೆಯ ಬೆವರನ್ನು ಒರೆಸಿದಳು. “ಅದನ್ನ ಮೊದಲೇ ಅನ್ನೋಕೆ ಏನಾಗಿತ್ತು?” ಎಂದಳು, ಬೈಯುವ ದನಿಯಲ್ಲೂ ಅಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಲಿಕಾಪ್ಟರ್ ಬಂತು. ಹಟ್ಟಿಯ ಮೇಕೆಗಳೆಲ್ಲ ದಿಕ್ಕಾಪಾಲಾದವು. ವ್ಯವಸ್ಥಾಪಕ ಮುತಿಂಡಾ ಇಳಿದ. ಹಿಂದೆಯೇ ಒಬ್ಬಳು ಯುವ ವೈದ್ಯೆ, ಬಿಳಿ ಹೊದಿಕೆ ಹಾಸಿದ ಸ್ಟ್ರೆಚರ್ ಹಿಡಿದ ಇಬ್ಬರು.

“ಎಲ್ಲಿದ್ದಾರೆ ಅವ್ರು?”

“ಸರೋವರದ ಹತ್ರ ಇದ್ದಾರೆ. ಚೆನ್ನಾಗಿದ್ದಾರೆ ಸಾರ್.”

ಮುತಿಂಡಾ ಜಗುಲಿ ನೋಡಿದ, ಖಾಲಿ ಸೀಸೆಗಳನ್ನು ನೋಡಿದ. ಅರ್ಥವಾಯಿತು. ಅವನೇನೂ ಕೂಗಾಡಲಿಲ್ಲ. “ನಿನ್ನಂಥವನು ಹೀಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ ಲೆತೋಯಿಯೆ. ಆ ಹುಡುಗಿ ವಿಷ್ಯದಲ್ಲಿ ವರದಿ ಬರೆದೋನು ನೀನು!” ಎಂದ.

“ಹೌದು ಸಾರ್. ನಾನೇ ಬರೆದದ್ದು.”

ವೈದ್ಯೆ ಆಗಲೇ ನಾನ್ಯೋರಿಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. “ಜೀವಕ್ಕೆ ಭಯ ಇಲ್ಲ. ಆದ್ರೆ ಕೈ ಉಳೀಬೇಕಂದ್ರೆ ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ಎತ್ತಿ, ಕರ್ಕೊಂಡ್ಹೋಗೋಣ.”

“ಹಾರಾಟ ಅತಿಥಿ ಹೆಸರಲ್ಲಿದೆ ಡಾಕ್ಟ್ರೇ. ವಿಮೆಯವರು ಒಪ್ಪಬೇಕು.”

“ಸ್ಟ್ರೆಚರ್ ಖಾಲಿ ಇದೆಯಲ್ಲ!”

ಮುತಿಂಡಾ ಕೆಟ್ಟವನಲ್ಲ. ಲೆತೋಯಿಯೆಯ ಕೈಯಿಂದ ಯಂತ್ರ ಇಸಿದುಕೊಂಡು, ಹೊಳೆಯುವ ಬೂಟುಗಳಲ್ಲಿ ಜಾರುತ್ತ ತಾನೇ ಬಂಡೆ ಹತ್ತಿದ. ಕೆಳಗೆ ಎಲ್ಲರೂ ತಲೆಯೆತ್ತಿ ನೋಡಿದರು. ಟೈ ಕಟ್ಟಿದ ದೊಡ್ಡ ಮನುಷ್ಯ ಆಕಾಶಕ್ಕೆ ಕೈ ಚಾಚಿ ನಿಂತಿದ್ದ. ಹೆಲಿಕಾಪ್ಟರಿನ ಚಾಲಕ ಎರಡು ಸಲ ಬಂದು ಬೆಳಕು ಇಳಿಯುತ್ತಿದೆ ಎಂದು ಹೇಳಿ ಹೋದ.

ಮುಕ್ಕಾಲು ಗಂಟೆಯ ಮೇಲೆ ಮುತಿಂಡಾ ಇಳಿದು ಬಂದ. ಯಾರ ಮುಖವನ್ನೂ ನೋಡದೆ ಯಂತ್ರವನ್ನು ವೈದ್ಯೆಯ ಕಡೆ ಚಾಚಿದ. ಅವಳು ಗಟ್ಟಿಯಾಗಿ ಓದಿದಳು: ‘ಅತಿಥಿ ಇಲ್ಲದಿದ್ದರೆ ಖಾಲಿ ಮರಳಿ.’

ವೈದ್ಯೆ ತನ್ನ ಚೀಲದಲ್ಲಿದ್ದ ಬ್ಯಾಂಡೇಜು, ಮಾತ್ರೆ ಎಲ್ಲವನ್ನೂ ಅಜ್ಜಿಯ ಮಡಿಲಿಗೆ ಸುರಿದಳು. ಅಳುತ್ತಿದ್ದಳು. ಅಜ್ಜಿಯೇ ಅವಳ ಬೆನ್ನು ತಟ್ಟಿ, “ಹೋಗ್ ಮಗಾ, ಕತ್ತಲಾಗ್ತದೆ” ಎಂದಳು. ಹೆಲಿಕಾಪ್ಟರ್ ಎದ್ದಾಗ ಹಾರಿದ ಧೂಳು ಒಳನುಗ್ಗದ ಹಾಗೆ ಹಟ್ಟಿಯಿಂದ ಬಂದಿದ್ದ ಹೆಂಗಸರು ತಮ್ಮ ಬಟ್ಟೆಗಳನ್ನು ನಾನ್ಯೋರಿಯ ಸುತ್ತ ಬಿಗಿಯಾಗಿ ಹಿಡಿದರು.

ಯಂತ್ರವೂ ಅದರ ಜೊತೆ ಹೋಯಿತು. ಲೆತೋಯಿಯೆಯ ಕೆಲಸವೂ ಹೋಯಿತು.

ಮರುದಿನ ಮಧ್ಯಾಹ್ನ ಮೇಕೆ ಸಾಗಿಸುವ ಲಾರಿಯೊಂದು ಸಿಕ್ಕಿತು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಆದರೆ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಕಪ್ಪಾಗಿ ಹೋಗಿದ್ದವು. ತೆಗೆಯಬೇಕಾಯಿತು. ಠಾಣೆಗೆ ಹೊಸ ಮುಖ್ಯಸ್ಥ ಬಂದ. ಇನ್ನು ಮೇಲೆ ಅಂಕಿ ಕೇಳುವವರು ಕಚ್ಚಿಸಿಕೊಂಡವರ ಮುಖದ ಚಿತ್ರವನ್ನೂ ಕಳಿಸಬೇಕೆಂದು ನಿಯಮ ಬಂದಿದೆಯಂತೆ ಎಂದು ಯಾರೋ ಹೇಳಿದರು.

ಎರಡು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಲೆತೋಯಿಯೆ ನಾನ್ಯೋರಿಯ ಹಟ್ಟಿಗೆ ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ. ಮೊದಲೇ ಸುಳ್ಳು ಹೇಳಿದ್ದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತಿತ್ತು ಎಂಬುದು ಅದರಲ್ಲಿತ್ತು.

ಅವಳು ಅಕೇಶಿಯಾ ಮರದ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಬಟ್ಟಲು ತುಂಬ ಕೆಂಪು ಮಣಿ. ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡಗೈಯಿಂದ ಪೋಣಿಸುತ್ತಿದ್ದಳು. ಮಣಿ ಜಾರಿ ಮಣ್ಣಿಗೆ ಬೀಳುತ್ತಿತ್ತು, ಹೆಕ್ಕುತ್ತಿದ್ದಳು, ಮತ್ತೆ ಬೀಳುತ್ತಿತ್ತು. ಅವನನ್ನು ಕಂಡು ನೂಲನ್ನು ಬಾಯಿಂದ ತೆಗೆದಳು.

“ಬಂದ್ಯಾ ಮಾವ? ಸುಮ್ನೆ ಯಾಕೆ ನಿಂತಿದ್ದೀಯ? ಹಿಡ್ಕೋ ಇದನ್ನ.”

ಮಣಿ ಪೋಣಿಸುವುದು ಹೆಂಗಸರ ಕೆಲಸ. ಲೆತೋಯಿಯೆ ಅತ್ತಿತ್ತ ನೋಡದೆ ಅವಳೆದುರು ಕುಕ್ಕರಗಾಲಲ್ಲಿ ಕೂತು, ಎಂಜಲಾಗಿ ಒದ್ದೆಯಾದ ನೂಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬಿಗಿಯಾಗಿ ಎಳೆದ. ಒಂದು ಮಣಿ ನೂಲಿನ ಮೇಲೆ ಜಾರುತ್ತ ಬಂದು ಅವನ ಉಗುರಿಗೆ ತಾಗಿ ನಿಂತಿತು. ಅವಳು ಇನ್ನೊಂದನ್ನು ಹೆಕ್ಕಿದಳು.